ಆನೆ ಜಾಸ್ತಿ ಇದ್ದವರೇ ಯುದ್ಧ ಗೆಲ್ಲುತ್ತಾರಾ? ಅಕ್ಷೌಹಿಣಿ ಫಾರ್ವರ್ಡ್‌ನಿಂದ ಮೊಬೈಲ್ ಗೇಮ್‌ವರೆಗೆ ಒಂದು ಲೆಕ್ಕ

ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಸುತ್ತುವ ಎರಡು ಬಗೆಯ ಸಂದೇಶಗಳಿವೆ. ಒಂದು, ಅಕ್ಷೌಹಿಣಿ ಸೈನ್ಯದ ಲೆಕ್ಕ: "ಇಷ್ಟು ಆನೆ, ಇಷ್ಟು ರಥ, ಎಲ್ಲ ಅಂಕಿಗಳನ್ನು ಕೂಡಿಸಿದರೆ 18, ಇದು ಪವಾಡವಲ್ಲದೆ ಮತ್ತೇನು?" ಇನ್ನೊಂದು, ಹಳೆಯ ರಾಜರ ಬಗ್ಗೆ: "ಅವರ ಬಳಿ ಸಾವಿರಾರು ಆನೆಗಳಿದ್ದವು, ಅದಕ್ಕೇ ಯಾರೂ ಸೋಲಿಸಲಾಗಲಿಲ್ಲ." ಪುರಾತನ ಯುದ್ಧದ ಗೇಮ್ ಆಡುವ ಹುಡುಗರಲ್ಲೂ ಇದೇ ನಂಬಿಕೆ ಇದೆ. ದುಡ್ಡು ಕೂಡಿಟ್ಟು ಬರೀ ಆನೆ ಖರೀದಿಸಿದರೆ ಆಟ ಗೆದ್ದಂತೆ ಎಂದುಕೊಳ್ಳುತ್ತಾರೆ.

ಇದು ನಿಜವೇ? ಚಿಕ್ಕ ಉತ್ತರ: ಅಲ್ಲ. ಸೈನ್ಯದ ಬಲ ಎಣಿಕೆಯಲ್ಲಿಲ್ಲ, ಜೋಡಣೆಯಲ್ಲಿದೆ. ಇದಕ್ಕೆ ಒಳ್ಳೆಯ ಸಾಕ್ಷಿ ನಮ್ಮ ಕಲಬುರಗಿ ಸೀಮೆಯ ಇತಿಹಾಸದಲ್ಲೇ ಸಿಗುತ್ತದೆ. ಒಂದೊಂದಾಗಿ ನೋಡೋಣ.

ಅಕ್ಷೌಹಿಣಿ ಎಂದರೆ ಎಷ್ಟು?

ಮಹಾಭಾರತದ ಆದಿಪರ್ವದಲ್ಲಿ ಇದರ ಲೆಕ್ಕವಿದೆ. ಅತಿ ಚಿಕ್ಕ ತುಕಡಿಯ ಹೆಸರು ಪತ್ತಿ. ಅದರಲ್ಲಿ 1 ರಥ, 1 ಆನೆ, 3 ಕುದುರೆ, 5 ಕಾಲಾಳು. ಅಲ್ಲಿಂದ ಮೇಲಕ್ಕೆ ಪ್ರತಿ ಹಂತದಲ್ಲೂ ಮೂರು ಪಟ್ಟು: ಸೇನಾಮುಖ, ಗುಲ್ಮ, ಗಣ, ವಾಹಿನಿ, ಪೃತನಾ, ಚಮೂ, ಅನೀಕಿನೀ. ಕೊನೆಗೆ ಹತ್ತು ಅನೀಕಿನೀ ಸೇರಿದರೆ ಒಂದು ಅಕ್ಷೌಹಿಣಿ. ಅಂದರೆ 21,870 ರಥ, 21,870 ಆನೆ, 65,610 ಕುದುರೆ, 1,09,350 ಕಾಲಾಳು. ಒಟ್ಟು 2,18,700. ಪಾಂಡವರದು 7, ಕೌರವರದು 11, ಸೇರಿ 18 ಅಕ್ಷೌಹಿಣಿ.

ಈಗ "ಪವಾಡ"ಕ್ಕೆ ಬರೋಣ. 2+1+8+7+0 ಕೂಡಿದರೆ 18 ಬರುವುದು ನಿಜ. 65,610ಕ್ಕೂ 1,09,350ಕ್ಕೂ 18 ಬರುತ್ತದೆ. ಆದರೆ ಕಾರಣ ಸರಳ. ಮೂರರಿಂದ ಮತ್ತೆ ಮತ್ತೆ ಗುಣಿಸಿದ ಸಂಖ್ಯೆ 9ರ ಮಗ್ಗಿಯಲ್ಲಿ ಬಂದೇ ಬರುತ್ತದೆ. 9ರ ಮಗ್ಗಿಯ ಯಾವ ಸಂಖ್ಯೆಯ ಅಂಕಿಗಳನ್ನು ಕೂಡಿದರೂ 9, 18, 27 ಹೀಗೆ 9ರ ಮಗ್ಗಿಯೇ ಸಿಗುತ್ತದೆ. ಫೋನಿನ ಕ್ಯಾಲ್ಕುಲೇಟರ್ ತೆಗೆದು 9ನ್ನು 43ರಿಂದ ಗುಣಿಸಿ. 387 ಬರುತ್ತದೆ, ಕೂಡಿದರೆ 18. ಇನ್ನೂ ಒಂದು ವಿಷಯ ಫಾರ್ವರ್ಡ್‌ನಲ್ಲಿ ಇರುವುದಿಲ್ಲ. 18 ಅಕ್ಷೌಹಿಣಿಗಳ ಒಟ್ಟು ಸಂಖ್ಯೆ 39,36,600. ಇದರ ಅಂಕಿಗಳನ್ನು ಕೂಡಿದರೆ 18 ಅಲ್ಲ, 27.

ಮಹಾಭಾರತವನ್ನು ಅಲ್ಲಗಳೆಯುವುದು ನಮ್ಮ ಉದ್ದೇಶವಲ್ಲ. ಮಹಾಕಾವ್ಯ ದೊಡ್ಡ ಯುದ್ಧವನ್ನು ದೊಡ್ಡ ಸಂಖ್ಯೆಯಲ್ಲೇ ಹೇಳುತ್ತದೆ. ಈ ಲೆಕ್ಕದಲ್ಲಿ ನಿಜವಾಗಿ ಗಮನಿಸಬೇಕಾದದ್ದು ಅಂಕಿಗಳ ಮೊತ್ತವಲ್ಲ, ಪ್ರಮಾಣ. 1 ಆನೆಗೆ 1 ರಥ, 3 ಕುದುರೆ, 5 ಕಾಲಾಳು. ಆನೆ ಬಲಶಾಲಿ ಎಂದು ಗೊತ್ತಿದ್ದವರೂ ಬರೀ ಆನೆಗಳ ಸೈನ್ಯ ಕಟ್ಟಿ ಎಂದು ಹೇಳಿಲ್ಲ. ಯಾಕೆ?

ಆನೆ ಸಾಕುವ ಖರ್ಚು

ಬೆಳೆದ ಆನೆಗೆ ದಿನಕ್ಕೆ ಸುಮಾರು 150 ಕಿಲೋ ಮೇವು ಬೇಕು, ನೂರು ಲೀಟರಿಗಿಂತ ಹೆಚ್ಚು ನೀರು ಬೇಕು. ಒಂದು ಅಕ್ಷೌಹಿಣಿಯ 21,870 ಆನೆಗಳಿಗೆ ದಿನಕ್ಕೆ ಸುಮಾರು 3,280 ಟನ್ ಮೇವು. ಹತ್ತು ಟನ್ನಿನ ಲಾರಿಯಲ್ಲಿ ತಂದರೂ ದಿನಕ್ಕೆ 328 ಲಾರಿ. ಬೇಸಿಗೆಯಲ್ಲಿ ಎರಡು ಎತ್ತಿಗೆ ಜೋಳದ ಕಣಿಕೆ ಹೊಂದಿಸುವ ಕಷ್ಟ ಆಳಂದ, ಅಫಜಲಪುರ, ಜೇವರ್ಗಿ ಕಡೆಯ ರೈತರಿಗೆ ಚೆನ್ನಾಗಿ ಗೊತ್ತು.

ಇನ್ನೊಂದು ಹೋಲಿಕೆ. 2025ರಲ್ಲಿ ಪ್ರಕಟವಾದ ಡಿಎನ್‌ಎ ಆಧಾರಿತ ಗಣತಿಯ ಅಂದಾಜಿನಂತೆ ಇಡೀ ಭಾರತದಲ್ಲಿರುವ ಕಾಡಾನೆಗಳು 22,446. ಅಂದರೆ ದೇಶದ ಎಲ್ಲ ಕಾಡಾನೆಗಳನ್ನು ಒಟ್ಟುಗೂಡಿಸಿದರೆ ಹೆಚ್ಚುಕಡಿಮೆ ಒಂದೇ ಒಂದು ಅಕ್ಷೌಹಿಣಿಗೆ ಸಾಕಾಗುತ್ತದೆ.

ಗೇಮ್‌ಗಳಲ್ಲಿ ಆನೆಗೆ ಹೆಚ್ಚು ಬೆಲೆ ಇಡುವುದು ಇದಕ್ಕೇ. ಏಜ್ ಆಫ್ ಎಂಪೈರ್ಸ್ 2 ಆಡಿದವರಿಗೆ ಗೊತ್ತು, ಯುದ್ಧದ ಆನೆ ದುಬಾರಿ, ನಿಧಾನ. ಅದೇ ದುಡ್ಡಿನಲ್ಲಿ ಎಷ್ಟೋ ಈಟಿಗಾರರು ಬರುತ್ತಾರೆ. ಅವರು ಗುಂಪಾಗಿ ಸುತ್ತುವರಿದರೆ ಆನೆ ಉರುಳುತ್ತದೆ.

ಗೇಮ್‌ನಲ್ಲಿ "ಬ್ಯಾಲೆನ್ಸ್" ಎಂದರೇನು?

ಎಲ್ಲ ತುಕಡಿಗಳಿಗೂ ಒಂದೇ ಬಲ ಕೊಡುವುದು ಬ್ಯಾಲೆನ್ಸ್ ಅಲ್ಲ. ಪ್ರತಿಯೊಂದಕ್ಕೂ ಒಂದು ಕೆಲಸ, ಒಂದು ದೌರ್ಬಲ್ಯ ಕೊಡುವುದು ಬ್ಯಾಲೆನ್ಸ್. ಸಾಮಾನ್ಯವಾಗಿ ನಿಯಮ ಹೀಗಿರುತ್ತದೆ:

- ಉದ್ದ ಈಟಿಯವರು ಕುದುರೆಯನ್ನು ತಡೆಯುತ್ತಾರೆ. ಈಟಿಗಳ ಗೋಡೆಯೊಳಗೆ ಕುದುರೆ ನುಗ್ಗುವುದಿಲ್ಲ.
- ಕುದುರೆಯವರು ಬಿಲ್ಲುಗಾರರನ್ನು ಮುಗಿಸುತ್ತಾರೆ. ಎರಡನೇ ಬಾಣ ಹೂಡುವಷ್ಟರಲ್ಲಿ ಮೈಮೇಲೆ ಬಂದಿರುತ್ತಾರೆ.
- ಬಿಲ್ಲುಗಾರರು ಈಟಿಯವರನ್ನು ದೂರದಿಂದಲೇ ಕೆಡವುತ್ತಾರೆ. ಈಟಿ ಅಷ್ಟು ದೂರ ಮುಟ್ಟುವುದಿಲ್ಲ.

ಕಲ್ಲು, ಕಾಗದ, ಕತ್ತರಿ ಆಟದ ಹಾಗೆ ಇದು ಒಂದು ಸುತ್ತು. ಒಂದೇ ಬಗೆಯ ತುಕಡಿ ತುಂಬಿಕೊಂಡವನು ಎದುರಾಳಿಗೆ ತನ್ನ ದೌರ್ಬಲ್ಯವನ್ನೇ ತೋರಿಸಿಕೊಂಡ ಹಾಗಾಗುತ್ತದೆ.

ಚದುರಂಗ ಎಂಬ ಹೆಸರೂ ಇದನ್ನೇ ಹೇಳುತ್ತದೆ. ಚತುರಂಗ ಎಂದರೆ ಸೈನ್ಯದ ನಾಲ್ಕು ಅಂಗ: ಆನೆ, ಕುದುರೆ, ರಥ, ಕಾಲಾಳು. ಆಳಂದದಿಂದ ಹೆಚ್ಚು ದೂರವಿಲ್ಲದ ಬಸವಕಲ್ಯಾಣ ಅಂದು ಚಾಲುಕ್ಯರ ರಾಜಧಾನಿ ಕಲ್ಯಾಣವಾಗಿತ್ತು. ಅಲ್ಲಿ ಆಳಿದ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸ ಗ್ರಂಥದಲ್ಲಿ ಚದುರಂಗದ ಆಟದ ವಿವರಣೆಯೂ ಇದೆ, ಆನೆಗಳ ವಿಷಯವೂ ಇದೆ.

ಇಂದಿನ ಚೆಸ್‌ನಲ್ಲಿ ನಾವು ಮೂಲೆಯ ಕಾಯಿಯನ್ನು ಆನೆ ಎನ್ನುತ್ತೇವೆ, ಅದು ಬಹಳ ಬಲಶಾಲಿ. ಆದರೆ ಭಾರತದಿಂದ ಪರ್ಷಿಯಾ ಮೂಲಕ ಹೋದ ಆಟವನ್ನು ಅರಬರು ಶತರಂಜ್ ಎಂದು ಆಡುವಾಗ ಆನೆಯ ಕಾಯಿ ಓರೆಯಾಗಿ ಎರಡು ಮನೆ ಮಾತ್ರ ಹಾರುತ್ತಿತ್ತು. ಹೀಗಾಗಿ ಹಲಗೆಯ 64 ಮನೆಗಳಲ್ಲಿ ಒಂದು ಆನೆ ಬರೀ 8 ಮನೆಗಳನ್ನಷ್ಟೇ ಮುಟ್ಟಬಲ್ಲದಾಗಿತ್ತು. ಮಂತ್ರಿಯೂ ಓರೆಯಾಗಿ ಒಂದೇ ಮನೆ ನಡೆಯುತ್ತಿದ್ದ. 15ನೇ ಶತಮಾನದ ಕೊನೆಯಲ್ಲಿ ಯುರೋಪಿನಲ್ಲಿ ಈ ಎರಡು ಕಾಯಿಗಳ ನಡೆ ಬದಲಾಗಿ ಆಟ ವೇಗವಾಯಿತು. ಇಂದು ಗೇಮ್ ಕಂಪನಿಗಳು ಅಪ್‌ಡೇಟ್ ಕಳಿಸಿ ಒಂದು ತುಕಡಿಯ ಬಲ ಏರಿಸುತ್ತವೆ, ಇನ್ನೊಂದರದು ಇಳಿಸುತ್ತವೆ. ಚದುರಂಗದವರು ಆ ಕೆಲಸವನ್ನು ಶತಮಾನಗಳ ಹಿಂದೆಯೇ ಮಾಡಿದ್ದರು.

ಆನೆಯ ನಿಜವಾದ ದೌರ್ಬಲ್ಯ ಯಾವುದು?

ಭಯ. ಆನೆಯನ್ನು ಕೊಲ್ಲುವುದು ಕಷ್ಟ, ಬೆದರಿಸುವುದು ಅಷ್ಟು ಕಷ್ಟವಲ್ಲ. ಬೆದರಿದ ಆನೆ ನಮ್ಮವರು, ಪರರು ಎಂದು ನೋಡುವುದಿಲ್ಲ.

ಕ್ರಿ.ಪೂ. 202ರಲ್ಲಿ ಜಾಮಾ ಎಂಬಲ್ಲಿ ಕಾರ್ಥೇಜಿನ ಹ್ಯಾನಿಬಲ್ ಸುಮಾರು 80 ಆನೆಗಳೊಂದಿಗೆ ರೋಮನ್ನರ ಮೇಲೆ ಬಂದ. ರೋಮಿನ ಸೇನಾಪತಿ ಸಿಪಿಯೋ ತನ್ನ ಸಾಲುಗಳ ನಡುವೆ ನೇರವಾದ ಓಣಿಗಳನ್ನು ಬಿಟ್ಟಿದ್ದ. ಕಹಳೆಯ ಸದ್ದಿಗೆ ಕೆಲವು ಆನೆಗಳು ಹಿಂದಕ್ಕೆ ತಿರುಗಿದವು, ಉಳಿದ ಹಲವು ಆ ಓಣಿಗಳಲ್ಲಿ ಹಾದು ಹೊರಗೆ ಹೋದವು. ಹ್ಯಾನಿಬಲ್ ಸೋತ.

1526ರ ಪಾಣಿಪತ್ ಇನ್ನೊಂದು ಉದಾಹರಣೆ. ಇಬ್ರಾಹಿಂ ಲೋದಿಯ ಬಳಿ ಒಂದು ಸಾವಿರದಷ್ಟು ಆನೆಗಳಿದ್ದವು ಎಂದು ಸ್ವತಃ ಬಾಬರ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಬಾಬರನ ಸೈನ್ಯ ಬಹಳ ಚಿಕ್ಕದು. ಆದರೆ ಅವನು ಗಾಡಿಗಳನ್ನು ಹಗ್ಗದಿಂದ ಕಟ್ಟಿ ಅಡ್ಡಗೋಡೆ ಮಾಡಿದ, ಅದರ ಹಿಂದೆ ತೋಪು, ಕೋವಿ ಇಟ್ಟ, ಕುದುರೆ ಏರಿದ ಬಿಲ್ಲುಗಾರರನ್ನು ಎರಡೂ ಬದಿಯಿಂದ ಸುತ್ತುಹಾಕಿಸಿದ. ಲೋದಿ ಯುದ್ಧದಲ್ಲೇ ಸತ್ತ.

2004ರ ರೋಮ್: ಟೋಟಲ್ ವಾರ್ ಗೇಮ್‌ನಲ್ಲಿ ಈ ಪಾಠ ಹಾಗೇ ಇದೆ. ಬೆದರಿದ ಆನೆ ಹಿಡಿತ ತಪ್ಪಿ ಸಿಕ್ಕವರನ್ನೆಲ್ಲ ತುಳಿಯುತ್ತದೆ. ತನ್ನದೇ ಆನೆಯನ್ನು ಕೊಲ್ಲುವ ಆಯ್ಕೆಯನ್ನೂ ಆಟಗಾರನಿಗೆ ಕೊಟ್ಟಿದ್ದಾರೆ.

ಹಾಗಾದರೆ ಆನೆ ದಂಡವೇ? ಅಲ್ಲ. ನಮ್ಮ ಬಾದಾಮಿ ಚಾಲುಕ್ಯರ ಇಮ್ಮಡಿ ಪುಲಕೇಶಿಯ ಆನೆಪಡೆಯ ಬಗ್ಗೆ ಚೀನಾದ ಯಾತ್ರಿಕ ಹ್ಯೂಯೆನ್ ತ್ಸಾಂಗ್ ಬರೆದಿದ್ದಾನೆ. ಅದೇ ಪುಲಕೇಶಿಯ ಕಾಲದ ಐಹೊಳೆ ಶಾಸನ (634) ಹರ್ಷನ ಆನೆಗಳು ರಣರಂಗದಲ್ಲಿ ಬಿದ್ದದ್ದನ್ನೂ ಹೇಳುತ್ತದೆ. ಆನೆ ಎರಡೂ ಕಡೆ ಇತ್ತು, ಆದರೆ ಹರ್ಷನ ಆನೆಗಳು ಅವನನ್ನು ಗೆಲ್ಲಿಸಲಿಲ್ಲ.

ಕಲಬುರಗಿಯ ಎದುರಾಳಿಯಿಂದ ಕಲಿತ ದೇವರಾಯ

ಈಗ ನಮ್ಮ ಊರಿನ ಕಥೆ. 1347ರಲ್ಲಿ ಬಹಮನಿ ರಾಜ್ಯ ಹುಟ್ಟಿದ ಮೇಲೆ ಅದರ ರಾಜಧಾನಿ ಕಲಬುರಗಿ. ರಾಜಧಾನಿ ಬೀದರಿಗೆ ಹೋಗುವವರೆಗೆ, ಅಂದರೆ ಮುಕ್ಕಾಲು ಶತಮಾನದಷ್ಟು ಕಾಲ, ವಿಜಯನಗರದ ವಿರುದ್ಧ ದಂಡು ಹೊರಡುತ್ತಿದ್ದದ್ದು ಇಲ್ಲಿಂದಲೇ. ಕೃಷ್ಣಾ, ತುಂಗಭದ್ರಾ ನಡುವಿನ ರಾಯಚೂರು ದೋಆಬ್‌ಗಾಗಿ ಎರಡೂ ರಾಜ್ಯಗಳು ಮತ್ತೆ ಮತ್ತೆ ಕಾದಾಡಿದವು.

ವಿಜಯನಗರಕ್ಕೆ ಜನಬಲ ದೊಡ್ಡದಿತ್ತು. ಆದರೂ ಸೋಲು ಬರುತ್ತಿತ್ತು. 15ನೇ ಶತಮಾನದ ಮೊದಲರ್ಧದಲ್ಲಿ ಆಳಿದ ಇಮ್ಮಡಿ ದೇವರಾಯ ತನ್ನವರನ್ನು ಕೂಡಿಸಿ ಕಾರಣ ಕೇಳಿದ ಎಂದು, ಮುಂದೆ ಬಿಜಾಪುರದಲ್ಲಿ ಕುಳಿತು ಇತಿಹಾಸ ಬರೆದ ಫಿರಿಶ್ತಾ ಹೇಳುತ್ತಾನೆ. ಸಿಕ್ಕ ಉತ್ತರ ಎರಡು: ಎದುರಾಳಿಯ ಕುದುರೆಗಳು ನಮ್ಮವಕ್ಕಿಂತ ಗಟ್ಟಿ, ಅವರಲ್ಲಿ ನುರಿತ ಬಿಲ್ಲುಗಾರರು ಹೆಚ್ಚು.

ದೇವರಾಯ ಇದಕ್ಕೆ ಇನ್ನಷ್ಟು ಆನೆ ತರಿಸಲಿಲ್ಲ. ಕೊರತೆ ಎಲ್ಲಿದೆಯೋ ಅಲ್ಲೇ ತುಂಬಿದ. ಮುಸ್ಲಿಂ ಬಿಲ್ಲುಗಾರರನ್ನು, ಕುದುರೆ ಸವಾರರನ್ನು ಸೇನೆಗೆ ಸೇರಿಸಿಕೊಂಡ, ಜಾಗೀರು ಕೊಟ್ಟ, ತನ್ನ ಸೈನಿಕರಿಗೆ ಅವರಿಂದ ಬಿಲ್ವಿದ್ಯೆ ಕಲಿಸಿದ. 1430ರ ಒಂದು ಶಾಸನ ಅವನ ಸೇವೆಯಲ್ಲಿದ್ದ ಹತ್ತು ಸಾವಿರ ತುರುಷ್ಕ ಸವಾರರನ್ನು ಹೆಸರಿಸುತ್ತದೆ. ಹಂಪಿಗೆ ಹೋದರೆ ಅವನ ಅಧಿಕಾರಿ ಅಹಮದ್ ಖಾನ್ 1439ರಲ್ಲಿ ಕಟ್ಟಿಸಿದ ಮಸೀದಿಯನ್ನು ಇಂದಿಗೂ ನೋಡಬಹುದು. ಅಲ್ಲಿನ ಶಾಸನ ಅದನ್ನು ಧರ್ಮಸಾಲೆ ಎನ್ನುತ್ತದೆ, ದೇವರಾಯನಿಗೆ ಪುಣ್ಯವಾಗಲಿ ಎಂದು ಕಟ್ಟಿಸಿದ್ದಾಗಿ ಹೇಳುತ್ತದೆ.

ಈ ಯುದ್ಧಗಳನ್ನು ಬರೀ ಎರಡು ಧರ್ಮಗಳ ಜಗಳ ಎಂದು ಬಣ್ಣಿಸುವ ಫಾರ್ವರ್ಡ್‌ಗಳು ಈ ಭಾಗವನ್ನು ಬಿಟ್ಟುಬಿಡುತ್ತವೆ. ಸೈನ್ಯ ಕಟ್ಟುವ ರಾಜ ಮೊದಲು ನೋಡುತ್ತಿದ್ದದ್ದು ಯಾರಿಗೆ ಯಾವ ಕೆಲಸ ಬರುತ್ತದೆ ಎಂಬುದನ್ನು.

1520ರ ರಾಯಚೂರು ಯುದ್ಧದಲ್ಲೂ ಗೆಲುವು ಬಂದದ್ದು ಸಮಯಪ್ರಜ್ಞೆಯಿಂದ. ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಂತೆ, ಬಿಜಾಪುರದ ಆದಿಲ್ ಶಾಹನ ತೋಪುಗಳು ಒಂದೇ ಸಲ ಹಾರಿದವು. ವಿಜಯನಗರದ ಮುಂದಿನ ಸಾಲು ಹಿಂದೆ ಸರಿಯಿತು. ಬಿಜಾಪುರದವರು ಸಾಲು ಬಿಟ್ಟು ಬೆನ್ನಟ್ಟಿದರು. ಆಗ ಕೃಷ್ಣದೇವರಾಯ ಎರಡನೇ ಪಡೆಯನ್ನು ಮುನ್ನುಗ್ಗಿಸಿದ. ಗೇಮ್ ಆಡುವವರ ಭಾಷೆಯಲ್ಲಿ ಹೇಳುವುದಾದರೆ, ತೋಪು ಮತ್ತೆ ಲೋಡ್ ಆಗುವ ಮೊದಲೇ ಹೊಡೆದ.

ಇದನ್ನು ಈಗ ತಿಳಿಯುವುದು ಯಾಕೆ?

ಗಡಿಯಲ್ಲಿ ಸ್ವಲ್ಪ ಬಿಸಿ ಏರಿದರೆ ಸಾಕು, ಎರಡು ದೇಶಗಳ ಟ್ಯಾಂಕ್, ವಿಮಾನ, ಸೈನಿಕರ ಸಂಖ್ಯೆ ಹೋಲಿಸುವ ಚಿತ್ರಗಳು ಫೋನಿಗೆ ಬಂದು ಬೀಳುತ್ತವೆ. "ನಮ್ಮದು ಇಷ್ಟು, ಅವರದು ಅಷ್ಟು, ಎರಡು ದಿನದಲ್ಲಿ ಮುಗಿಸುತ್ತೇವೆ" ಎಂದಿರುತ್ತದೆ. ಓದಿದವರು ಯುದ್ಧವೆಂದರೆ ಇಷ್ಟು ಸುಲಭವೇ ಎಂದುಕೊಳ್ಳುತ್ತಾರೆ. ಗೇಮ್‌ನಲ್ಲಿ ಸೋತರೆ ಮತ್ತೆ ಶುರು ಮಾಡಬಹುದು. ನಿಜವಾದ ದಂಡಿನಲ್ಲಿ ಇರುವವರು ನಮ್ಮ ನಿಮ್ಮ ಮನೆಯ ಮಕ್ಕಳು.

ಅಂಥ ಸಂದೇಶ ಬಂದಾಗ ಮೂರು ಪ್ರಶ್ನೆ ಕೇಳಿಕೊಳ್ಳಿ:

- ಈ ಸಂಖ್ಯೆ ಎಲ್ಲಿಂದ ಬಂತು? ಶಾಸನವೇ, ಕಾವ್ಯವೇ, ಗೆದ್ದವನ ಹೇಳಿಕೆಯೇ?
- ಇಷ್ಟೊಂದು ಸೈನ್ಯಕ್ಕೆ ಮೇವು, ನೀರು, ಎಣ್ಣೆ ಹೊಂದಿಸುವವರು ಯಾರು?
- ಎದುರಾಳಿಯ ಬಳಿ ಇದಕ್ಕೆ ಉತ್ತರ ಏನಿದೆ?

ಮೂರಕ್ಕೂ ಉತ್ತರ ಸಿಗದಿದ್ದರೆ ಅದನ್ನು ಮುಂದಕ್ಕೆ ಕಳಿಸಬೇಡಿ. ಆನೆ ಎಷ್ಟಿದೆ ಎಂದು ಎಣಿಸಿದವರಿಗಿಂತ, ತಮ್ಮಲ್ಲಿ ಏನಿಲ್ಲ ಎಂದು ಕೇಳಿದ ದೇವರಾಯನಂಥವರೇ ಸೈನ್ಯವನ್ನು ಸರಿಯಾಗಿ ಕಟ್ಟಿದರು.