ಗೆಲುವಿನ ಕಾವಲು

ಅವಧಿ ಮುಗಿಯಲು ಇನ್ನೂ ಐದು ನಿಮಿಷ ಉಳಿದಿರುವಾಗ, ಹೇಳಬೇಕಾದುದೆಲ್ಲ ಮುಗಿದುಹೋಗಿ, ಮುಂದಿನ ಪದ್ಯವನ್ನು ಎತ್ತಿಕೊಳ್ಳುವ ಧೈರ್ಯವೂ ಇಲ್ಲದೆ ನಿಂತ ಅಧ್ಯಾಪಕನು ಏನು ಮಾಡುತ್ತಾನೆಂಬುದು ನನ್ನ ವಿದ್ಯಾರ್ಥಿಗಳಿಗೆ ಚೆನ್ನಾಗಿ ಗೊತ್ತು. ಅವನು ಹಾಜರಿ ಪುಸ್ತಕವನ್ನು ತೆರೆಯುತ್ತಾನೆ. ಒಂದೊಂದು ಹೆಸರನ್ನೂ ಸಾವಧಾನವಾಗಿ ಕೂಗುತ್ತಾನೆ. ನಡುವೆ ಕನ್ನಡಕವನ್ನು ತೆಗೆದು ಒರೆಸುತ್ತಾನೆ. ಗಂಟೆ ಬಾರಿಸುವ ತನಕ ಹೀಗೆಯೇ ಕಾಲವನ್ನು ತಳ್ಳುತ್ತಾನೆ. ಹಿಂದಿನ ಬೆಂಚಿನಿಂದ ಯಾರಾದರೂ ಎದ್ದು ಕೇಳಬಹುದಾಗಿದ್ದ ತೊಡಕಿನ ಪ್ರಶ್ನೆ ಅಲ್ಲಿಯೇ ಉಳಿದುಹೋಗುತ್ತದೆ. ಇಷ್ಟು ವರ್ಷಗಳ ಅಧ್ಯಾಪನದಲ್ಲಿ ನಾನೂ ಈ ವಿದ್ಯೆಯನ್ನು ತಕ್ಕಮಟ್ಟಿಗೆ ಅಭ್ಯಾಸಮಾಡಿದವನೇ. ಆಟದ ಲೋಕದಲ್ಲಿ ಇದಕ್ಕೊಂದು ದೀರ್ಘ ಚರಿತ್ರೆಯೇ ಉಂಟೆಂಬುದು ಮಾತ್ರ ಕಳೆದ ಬೇಸಗೆಯ ರಜೆಯಲ್ಲಿ ಮೆಲ್ಬೋರ್ನ್ ನಗರಕ್ಕೆ ಹೋಗಿದ್ದಾಗ ತಿಳಿಯಿತು.

ಅಲ್ಲಿ ನನ್ನ ಅಣ್ಣನ ಸಂಸಾರವಿದೆ. ಅಣ್ಣನ ಮಗನಿಗೆ ಹದಿನೈದು ವರ್ಷ. ನಮ್ಮಲ್ಲಿ ನೆತ್ತಿ ಸುಡುವ ಮೇ ತಿಂಗಳು ಅಲ್ಲಿ ಚಳಿಗಾಲದ ಹೊಸ್ತಿಲು. ಚಳಿಗಾಲವೆಂದರೆ ಆ ಊರಿಗೆ ಫುಟ್‌ಬಾಲ್. ನಾವು ಬಲ್ಲ ಫುಟ್‌ಬಾಲ್ ಅಲ್ಲ, ಅದು ಆ ನೆಲದ್ದೇ ಆದ ಆಟ. ಕ್ರಿಕೆಟಿಗರ ಮೈ ಚಳಿಗಾಲದಲ್ಲಿ ಜಡ್ಡುಗಟ್ಟದಿರಲು ಒಂದು ಫುಟ್‌ಬಾಲ್ ಸಂಘ ಬೇಕೆಂದು ಟಾಮ್ ವಿಲ್ಸ್ ಎಂಬ ಕ್ರಿಕೆಟ್ ಆಟಗಾರನು ೧೮೫೮ರಲ್ಲಿ ಪತ್ರಿಕೆಯೊಂದಕ್ಕೆ ಬರೆದನು. ಮರುವರ್ಷವೇ ಮೆಲ್ಬೋರ್ನ್ ಕ್ಲಬ್ ಹುಟ್ಟಿ, ಆಟದ ನಿಯಮಗಳನ್ನೂ ಬರೆದುಕೊಂಡಿತು. ಅಂಡಾಕಾರದ ಬಯಲು, ಅಂಡಾಕಾರದ ಚೆಂಡು, ಒಂದೊಂದು ಪಕ್ಷಕ್ಕೆ ೧೮ ಆಟಗಾರರು. ಎರಡು ತುದಿಗಳಲ್ಲೂ ನಾಲ್ಕು ನಾಲ್ಕು ಕಂಬಗಳು. ಚೆಂಡನ್ನು ನಡುವಣ ಎರಡು ಕಂಬಗಳ ಮಧ್ಯೆ ಒದ್ದು ದಾಟಿಸಿದರೆ ಗೋಲು, ೬ ಅಂಕ. ಪಕ್ಕದ ಕಂಬಗಳ ಸಂದಿಯಲ್ಲಿ ಹೋದರೆ ‘ಬಿಹೈಂಡ್’, ೧ ಅಂಕ. ಒಬ್ಬನು ಒದ್ದ ಚೆಂಡು ೧೫ ಮೀಟರಿಗೆ ಕಡಿಮೆಯಿಲ್ಲದೆ ಹಾರಿ, ನೆಲ ಮುಟ್ಟುವ ಮೊದಲೇ ಇನ್ನೊಬ್ಬನ ಕೈಸೇರಿದರೆ ಅದು ‘ಮಾರ್ಕ್’. ಮಾರ್ಕ್ ಹಿಡಿದವನ ಮೇಲೆ ಯಾರೂ ಎರಗುವಂತಿಲ್ಲ. ಆಡೆಂದು ಅಂಪೈರ್ ಕೂಗುವ ತನಕ ಅವನು ನಿಂತು ಯೋಚಿಸಬಹುದು. ಚೆಂಡು ಗೆರೆಯಾಚೆ ಹೋದಾಗ, ಗೋಲಾದಾಗ ಗಡಿಯಾರ ನಿಲ್ಲುತ್ತದೆ. ಮಾರ್ಕ್ ಹಿಡಿದವನು ಯೋಚಿಸುತ್ತಿರುವಾಗ ಅದು ಓಡುತ್ತಲೇ ಇರುತ್ತದೆ. ಈ ಕೊನೆಯ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು.

ನಾನು ಹೋದ ವಾರದ ಭಾನುವಾರವೇ ಹುಡುಗನ ತಂಡದ ಪಂದ್ಯವಿತ್ತು. ಕೆಸರಾದ ಬಯಲು, ಬೇಲಿಗೆ ಆತುಕೊಂಡು ನಿಂತ ತಾಯಿತಂದೆಯರು. ಕೊನೆಯ ನಿಮಿಷದಲ್ಲಿ ಇವರ ತಂಡ ಮೂರು ಅಂಕ ಮುಂದಿತ್ತು. ನಮ್ಮ ಹುಡುಗ ಒಂದು ಮಾರ್ಕ್ ಹಿಡಿದ. ಬೇಲಿಯ ಉದ್ದಕ್ಕೂ ಎಲ್ಲರೂ “ತಾಳು, ತಾಳು!” ಎಂದು ಅವರ ಭಾಷೆಯಲ್ಲಿ ಕೂಗಿದರು. ಅವನು ತಾಳಲಿಲ್ಲ. ಒಂದು ಕ್ಷಣ ಅತ್ತಿತ್ತ ನೋಡಿ, ಇದ್ದ ಬಲವನ್ನೆಲ್ಲ ಹಾಕಿ ಚೆಂಡನ್ನು ಮುಂದಕ್ಕೆ ಒದ್ದುಬಿಟ್ಟ. ಅದು ಎದುರಾಳಿಯ ಕೈಸೇರಿತು. ಅಲ್ಲಿಂದ ಮೂರೇ ಒದೆತಗಳಲ್ಲಿ ಈ ತುದಿಗೆ ಬಂದು ಗೋಲಾಯಿತು. ಅದರ ಬೆನ್ನಿಗೇ ಸೈರನ್ ಕೂಗಿತು.

ಮನೆಯಲ್ಲಿ ಎರಡು ದಿನ ಹುಡುಗನಿಗೆ ಮಾತಿಲ್ಲ. ಅತ್ತಿಗೆ ಮಾಡಿದ ದೋಸೆಯೂ ಅವನಿಗೆ ಬೇಡವಾಯಿತು. ನಾನು ಕಾವ್ಯ ಓದಿದವನಲ್ಲವೆ? ಸಮಾಧಾನ ಹೇಳುವುದು ನನ್ನ ಹಕ್ಕೆಂದು ಭಾವಿಸಿ, “ನೀನು ಅಭಿಮನ್ಯುವಿನ ಹಾಗೆ ಆಡಿದೆ, ಮಗು. ಗೆಲುವನ್ನು ಮಡಿಲಲ್ಲಿ ಕಟ್ಟಿಕೊಂಡು ನಿಲ್ಲುವುದು ವೀರನ ಲಕ್ಷಣವಲ್ಲ” ಎಂದೆ. ಅವನು ನನ್ನ ಮುಖವನ್ನು ನೋಡಿ, ಏನೂ ಹೇಳದೆ ಎದ್ದುಹೋದ. ನನ್ನ ಮಾತು ನಾಟಿತೆಂದೇ ನಾನು ತಿಳಿದೆ.

ಶನಿವಾರ ಅಣ್ಣ ನಮ್ಮಿಬ್ಬರನ್ನೂ ಮೆಲ್ಬೋರ್ನ್ ಕ್ರಿಕೆಟ್ ಮೈದಾನಕ್ಕೆ ಕಳುಹಿಸಿಕೊಟ್ಟ. ದೊಡ್ಡವರ ಪಂದ್ಯ. ತಂಡಗಳ ಹೆಸರು ಬೇಡ. ಎರಡರ ಅಭಿಮಾನಿಗಳೂ ಅಣ್ಣನ ಬೀದಿಯಲ್ಲಿದ್ದಾರೆ. ಕೊನೆಯ ಕೆಲವು ನಿಮಿಷಗಳಲ್ಲಿ ಒಂದು ತಂಡ ಎಂಟು ಅಂಕ ಮುಂದಿತ್ತು. ಅಲ್ಲಿಯವರೆಗೆ ಬಿರುಗಾಳಿಯಂತೆ ಆಡುತ್ತಿದ್ದವರು ಇದ್ದಕ್ಕಿದ್ದಂತೆ ಶಾಂತರಾದರು. ಒಬ್ಬ ಮಾರ್ಕ್ ಹಿಡಿದ, ನಿಂತ, ಸುತ್ತ ನೋಡಿದ, ಪಕ್ಕದಲ್ಲಿದ್ದವನಿಗೆ ಮೆಲ್ಲನೆ ಒದ್ದ. ಅವನೂ ಹಿಡಿದ, ನಿಂತ, ಹಿಂದಕ್ಕೆ ಒದ್ದ. ಚೆಂಡು ಗೋಲಿನ ಕಡೆಗೆ ಹೋಗದೆ ಬಯಲಿನ ಅಗಲವನ್ನು ಅಳೆಯತೊಡಗಿತು. ಇದಕ್ಕೆ ಅಲ್ಲಿ ‘ಟೆಂಪೊ ಫುಟ್‌ಬಾಲ್’ ಎನ್ನುತ್ತಾರೆ. ಸೋಲುತ್ತಿದ್ದ ಪಕ್ಷದ ಸಾವಿರಾರು ಜನ ಒಕ್ಕೊರಲಿನಿಂದ ಹೀಗಳೆದರು. ನಾನೂ ಮನಸ್ಸಿನಲ್ಲಿ ಅವರೊಡನೆ ಸೇರಿಕೊಂಡೆ. ಇದು ಹಾಜರಿ ಕೂಗುವ ಕೆಲಸವಲ್ಲದೆ ಮತ್ತೇನು?

ಆಗ ಹುಡುಗ ನನ್ನ ತೋಳನ್ನು ಹಿಡಿದು, “ಚಿಕ್ಕಪ್ಪ, ಚೆಂಡನ್ನು ನೋಡಬೇಡಿ. ಚೆಂಡು ಇಲ್ಲದವರನ್ನು ನೋಡಿ” ಎಂದ.

ನೋಡಿದೆ. ನಿಂತಿದ್ದವನು ಚೆಂಡು ಹಿಡಿದವನೊಬ್ಬನೇ! ಅವನ ಸಂಗಾತಿಗಳೆಲ್ಲ, ಕಾವಲಿಗೆ ಬಿದ್ದ ಎದುರಾಳಿಯಿಂದ ಬಿಡಿಸಿಕೊಳ್ಳಲು ಏದುಸಿರಿನಲ್ಲಿ ಓಡುತ್ತಿದ್ದರು. ಒಬ್ಬನಿಗಾದರೂ ಬಿಡುವಾದರೆ ಮಾತ್ರ ಮುಂದಿನ ಒದೆತ ಸಾಧ್ಯ. ಆ ಒದೆತ ೧೫ ಮೀಟರನ್ನು ದಾಟಬೇಕು, ಆದರೆ ಎದುರಾಳಿಯ ಮುಷ್ಟಿಗೆ ಎಟುಕಬಾರದು. ಒಮ್ಮೆ ಚೆಂಡು ಗಾಳಿಯಲ್ಲಿ ಸ್ವಲ್ಪ ಓಲಾಡಿತು. ಎದುರಾಳಿಯ ಬೆರಳು ಅದಕ್ಕೆ ತಗುಲಿಯೂ ತಗುಲದಂತಾಯಿತು. ಇಡೀ ಮೈದಾನವೇ ಎದ್ದು ನಿಂತಿತು. ಆಗ ನನಗೆ ಅರಿವಾಯಿತು: ಇವರು ಆಟವನ್ನು ನಿಲ್ಲಿಸಿಲ್ಲ. ಪ್ರತಿಯೊಂದು ಒದೆತದಲ್ಲೂ ಗೆಲುವನ್ನು ಮತ್ತೆ ಪಣಕ್ಕೆ ಒಡ್ಡುತ್ತಿದ್ದಾರೆ.

ಆ ರಾತ್ರಿ ಅಣ್ಣನ ಕಪಾಟಿನಲ್ಲಿದ್ದ ಆಟದ ಚರಿತ್ರೆಗಳನ್ನು ತಿರುವಿಹಾಕಿದೆ. ಮುನ್ನಡೆಯೆಂಬುದು ಪೆಟ್ಟಿಗೆಯಲ್ಲಿ ಬೀಗಹಾಕಿಟ್ಟ ಹಣವಲ್ಲವೆಂಬುದಕ್ಕೆ ೧೯೭೦ರ ಅಂತಿಮ ಪಂದ್ಯವೇ ಸಾಕ್ಷಿ. ೧,೨೧,೬೯೬ ಜನರ ಮುಂದೆ, ಅರ್ಧ ಆಟ ಮುಗಿದಾಗ ಕಾಲಿಂಗ್‌ವುಡ್ ತಂಡ ೪೪ ಅಂಕ ಮುಂದಿತ್ತು. ಆಟ ಮುಗಿದಾಗ ಕಾರ್ಲ್‌ಟನ್ ತಂಡ ೧೦ ಅಂಕಗಳಿಂದ ಗೆದ್ದಿತ್ತು. ಹೀಗಿರುವಾಗ ಮುಂದಿರುವವನು ಕಾವಲನ್ನು ಬಯಸುವುದು ಸಹಜವೇ. ಆದರೆ ಅವನು ಎಲ್ಲೆಲ್ಲಿ ಶ್ರಮವಿಲ್ಲದ ಆಶ್ರಯವನ್ನು ಕಂಡುಕೊಂಡನೋ ಅಲ್ಲಲ್ಲಿ ನಿಯಮ ಅವನನ್ನು ಹಿಂಬಾಲಿಸಿದೆ. ಚೆಂಡನ್ನು ಗೆರೆಯಾಚೆ ತಳ್ಳಿ ಉಸಿರಾಡಿಕೊಳ್ಳುವುದು ಹಳೆಯ ಉಪಾಯ; ೧೯೨೫ರಲ್ಲಿ ಅದಕ್ಕೆ ದಂಡ ಬಿತ್ತು; ೧೯೩೯ರಲ್ಲಿ ನಿಯಮವನ್ನು ಸಡಿಲಿಸಿದರೂ, ಬೇಕೆಂದೇ ಹೊರದಬ್ಬುವುದು ತಪ್ಪಾಗಿಯೇ ಉಳಿಯಿತು.

೨೦೦೮ರಲ್ಲಿ ಇನ್ನೊಂದು ಉಪಾಯ ಹೊರಬಿತ್ತು. ತನ್ನ ಗೋಲಿನ ಗೆರೆಯನ್ನು ತಾನೇ ದಾಟಿದರೆ ಎದುರಾಳಿಗೆ ಹೋಗುವುದು ಒಂದೇ ಅಂಕ. ಚೆಂಡು ಮಾತ್ರ ಮರಳಿ ತನ್ನ ಕೈಗೇ ಬರುತ್ತದೆ. ಆ ವರ್ಷ ಎಸೆಂಡನ್ ತಂಡದ ವಿರುದ್ಧ ರಿಚ್ಮಂಡ್ ಆರು ಅಂಕ ಮುಂದಿದ್ದಾಗ, ಜೋಯೆಲ್ ಬೌಡನ್ ಎಂಬಾತನು ಕೊನೆಯ ನಿಮಿಷದಲ್ಲಿ ಹೀಗೆ ಎರಡು ಸಲ ಬೇಕೆಂದೇ ಹಿಂದೆ ಸರಿದು, ಎರಡು ಅಂಕ ದಾನಮಾಡಿ, ನಾಲ್ಕು ಅಂಕಗಳ ಗೆಲುವನ್ನು ಉಳಿಸಿಕೊಂಡನು. ಅದೇ ವರ್ಷದ ಅಂತಿಮ ಪಂದ್ಯದಲ್ಲಿ ಹಾತಾರ್ನ್ ತಂಡ ೧೧ ಅಂಕಗಳನ್ನು ಹೀಗೆ ತೆತ್ತು ಗೀಲಾಂಗ್ ತಂಡವನ್ನು ೧೧೫–೮೯ರಿಂದ ಸೋಲಿಸಿತು. ೨೦೦೯ರಲ್ಲಿ ಈ ಬಾಗಿಲೂ ಮುಚ್ಚಿತು. ಬೇಕೆಂದೇ ಹಾಗೆ ಮಾಡಿದರೆ ಗೋಲಿನ ಬಾಯಲ್ಲೇ ಎದುರಾಳಿಗೆ ಒದೆತ ದೊರೆಯುವಂತಾಯಿತು. ಒಂದೊಂದೇ ಆಶ್ರಯ ಕುಸಿದ ಮೇಲೆ ಉಳಿದದ್ದು, ನಾನು ಅಂದು ಕಂಡ ಆ ಕಠಿಣವಾದ ನಿಧಾನ ಒಂದೇ.

ಕಾಲವನ್ನು ಕಾಯುವ ಯುದ್ಧ ನಮ್ಮವರಿಗೂ ಹೊಸದಲ್ಲ. ಸೂರ್ಯ ಮುಳುಗುವುದರೊಳಗೆ ಸೈಂಧವನನ್ನು ಕೊಲ್ಲುವೆನೆಂದು ಅರ್ಜುನ ಪ್ರತಿಜ್ಞೆ ಮಾಡಿದ ದಿನ ಕೌರವರಿಗೆ ಬೇಕಾಗಿದ್ದುದು ಜಯವಲ್ಲ, ಸಂಜೆ. ದ್ರೋಣನು ವ್ಯೂಹದ ಮೇಲೆ ವ್ಯೂಹವನ್ನು ಒಡ್ಡಿದ್ದು ಆ ಸಂಜೆಗಾಗಿಯೇ. ಕೃಷ್ಣನು ಸೂರ್ಯನನ್ನು ಮರೆಮಾಡಿದಾಗ ಮುಳುಗದ ಹೊತ್ತು ಮುಳುಗಿದಂತೆ ಕಂಡು, ಸೈಂಧವ ತಲೆಯೆತ್ತಿ ಕೆಟ್ಟ. ೨೦೦೬ರಲ್ಲಿ ಟಾಸ್ಮೇನಿಯಾದ ಲಾನ್ಸೆಸ್ಟನ್ ಊರಿನಲ್ಲಿ ಇದರ ತಿರುಗುಮುರುಗು ನಡೆಯಿತು. ಫ್ರೀಮ್ಯಾಂಟಲ್ ತಂಡ ಒಂದು ಅಂಕ ಮುಂದಿದ್ದಾಗ ಸೈರನ್ ಕೂಗಿತು. ಅಂಪೈರುಗಳಿಗೆ ಅದು ಕೇಳಿಸಲಿಲ್ಲ. ಆಟ ಮುಂದುವರಿದು, ಸೇಂಟ್ ಕಿಲ್ಡಾ ಒಂದು ಅಂಕ ಗಳಿಸಿ ಪಂದ್ಯ ಸಮವಾಯಿತು. ಕೆಲವು ದಿನಗಳ ಬಳಿಕ ಆಡಳಿತದವರು ಕುಳಿತು ವಿಚಾರಿಸಿ, ಗೆಲುವನ್ನು ಫ್ರೀಮ್ಯಾಂಟಲ್‌ಗೆ ಮರಳಿಸಿದರು. ಮುಳುಗಿದ ಸೂರ್ಯನನ್ನು ಯಾರೂ ಕಾಣದೆ ಹೋದರೆ ಕಾವಲುಗಾರನ ಗತಿ ಏನೆಂದು ಅಂದು ಅವರಿಗೆ ತಿಳಿದಿರಬೇಕು.

ನಾನು ಕುಳಿತಿದ್ದ ಅದೇ ಮೈದಾನದಲ್ಲಿ ೧೯೮೧ರ ಫೆಬ್ರುವರಿಯಲ್ಲಿ ಗೆಲುವನ್ನು ಕಾಯುವ ಎರಡು ರೀತಿಗಳನ್ನೂ ಕ್ರಿಕೆಟ್ ತೋರಿಸಿತ್ತು. ಒಂದನೆಯ ತಾರೀಖು, ನ್ಯೂಜಿಲೆಂಡಿಗೆ ಪಂದ್ಯವನ್ನು ಸಮಮಾಡಲು ಕೊನೆಯ ಚೆಂಡಿನಲ್ಲಿ ಆರು ಓಟ ಬೇಕಾಗಿದ್ದಾಗ, ನಾಯಕ ಗ್ರೆಗ್ ಚಾಪೆಲ್ ಹೇಳಿದನು, ತಮ್ಮ ಟ್ರೆವರ್ ಚೆಂಡನ್ನು ನೆಲದ ಮೇಲೆ ಉರುಳಿಸಿಬಿಟ್ಟನು. ನಿಯಮದಲ್ಲಿ ಅಡ್ಡಿಯಿರಲಿಲ್ಲ, ಗೆದ್ದರು, ಆ ಗೆಲುವು ಇಂದಿಗೂ ಅವರನ್ನು ನಾಚಿಸುತ್ತದೆ. ಅದಾದ ಹತ್ತು ದಿನಗಳಲ್ಲಿ, ನಮ್ಮ ಭದ್ರಾವತಿಯ ವಿಶ್ವನಾಥ್ ಮೊದಲ ಸರದಿಯಲ್ಲಿ ೧೧೪ ಓಟ ಗಳಿಸಿದ್ದ ಟೆಸ್ಟಿನ ಕೊನೆಯಲ್ಲಿ, ಆಸ್ಟ್ರೇಲಿಯಕ್ಕೆ ಬೇಕಾಗಿದ್ದುದು ೧೪೩ ಓಟ ಮಾತ್ರ. ಗಾಯಗೊಂಡಿದ್ದ ಕಪಿಲ್ ದೇವ್ ೨೮ ಓಟಕ್ಕೆ ಐವರನ್ನು ಉರುಳಿಸಿದ. ಆಸ್ಟ್ರೇಲಿಯ ೮೩ಕ್ಕೆ ಮುಗಿಯಿತು. ಕಾದದ್ದು ಇಬ್ಬರೂ. ಒಬ್ಬರು ಎದುರಾಳಿಗೆ ಆಡಲು ಅವಕಾಶವನ್ನೇ ಕೊಡದೆ ಕಾದರು; ಇನ್ನೊಬ್ಬರು ಪ್ರತಿ ಚೆಂಡಿನಲ್ಲೂ ಅವಕಾಶ ಕೊಟ್ಟು ಕಾದರು.

ಮರುದಿನ ಬೆಳಗ್ಗೆ ಕಾಫಿಯ ಹೊತ್ತಿಗೆ ಇದನ್ನೆಲ್ಲ ಹುಡುಗನಿಗೆ ಹೇಳಿ, “ನಾನು ಅಂದು ನಿನಗೆ ಹೇಳಿದ್ದು ತಪ್ಪು. ನಿಧಾನಕ್ಕೂ ಧೈರ್ಯ ಬೇಕು” ಎಂದು ಒಪ್ಪಿಕೊಂಡೆ.

ಅವನು ಲೋಟವನ್ನು ತಿರುಗಿಸುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಮೆಲ್ಲನೆ ಹೇಳಿದ: “ಅದು ನನಗೆ ಅವತ್ತೇ ಗೊತ್ತಿತ್ತು, ಚಿಕ್ಕಪ್ಪ. ನೀವು ಧೈರ್ಯ ಅಂದಿರಿ. ನನಗೆ ಭಯವಾಗಿತ್ತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಚೆಂಡು ನನ್ನ ಕೈಯಲ್ಲಿ ಇರೋದೇ ಬೇಡ ಅನ್ನಿಸಿತು. ಅದಕ್ಕೇ ಒದ್ದುಬಿಟ್ಟೆ.”

ಎರಡು ದಿನ ಅವನ ಬಾಯಿ ಕಟ್ಟಿದ್ದುದು ಸೋಲಲ್ಲ, ಈ ಗುಟ್ಟು. ಅದರ ಮೇಲೆ ನಾನು ಅಭಿಮನ್ಯುವಿನ ಪಟ್ಟವನ್ನು ಬೇರೆ ಕಟ್ಟಿದ್ದೆ! ಅವನಿಗೆ ಹೇಳಲು ನನ್ನಲ್ಲಿ ಯಾವ ಕಾವ್ಯವೂ ಇರಲಿಲ್ಲ. ಬದಲಿಗೆ ನನ್ನ ಹಾಜರಿ ಪುಸ್ತಕದ ಕಥೆಯನ್ನು ಹೇಳಿದೆ: ಆ ಐದು ನಿಮಿಷಗಳ ಭಯವನ್ನು, ಹಿಂದಿನ ಬೆಂಚಿನ ಪ್ರಶ್ನೆಯನ್ನು, ಗಂಟೆಗಾಗಿ ಕಿವಿಗೊಟ್ಟು ನಿಲ್ಲುವುದನ್ನು. ಅವನಿಗೆ ನಗು ಬಂತು. “ಹಾಗಾದರೆ ನೀವು ಗೆರೆಯಾಚೆ ತಳ್ಳೋರು, ಚಿಕ್ಕಪ್ಪ” ಎಂದ. ನಂತರ ಷೂ ಕಟ್ಟಿಕೊಂಡು ಆ ವಾರದ ಪಂದ್ಯಕ್ಕೆ ಹೊರಟ.

ಆ ಪಂದ್ಯದಲ್ಲಿ ಅವರು ದೊಡ್ಡ ಅಂತರದಿಂದಲೇ ಸೋತರು. ಕಾಯಲು ಏನೂ ಇರಲಿಲ್ಲ. ಆದರೂ ಮೂರನೆಯ ಪಾದದಲ್ಲಿ ಒಮ್ಮೆ ಅವನು ಮಾರ್ಕ್ ಹಿಡಿದು ನಿಂತದ್ದನ್ನು ಬೇಲಿಯ ಬಳಿಯಿಂದ ನೋಡಿದೆ. ನಿಂತು, ತಲೆಯೆತ್ತಿ, ಎಡಕ್ಕೂ ಬಲಕ್ಕೂ ನೋಡಿ, ಓಡುತ್ತಿದ್ದ ಗೆಳೆಯನೊಬ್ಬನನ್ನು ಆರಿಸಿಕೊಂಡು ಒದ್ದ. ಚೆಂಡು ಗೆಳೆಯನ ಎದೆಗೇ ಹೋಗಿ ಸೇರಿತು.

ಊರಿಗೆ ಮರಳಿ ಕಾಲೇಜು ತೆರೆದ ದಿನದಿಂದ ನಾನು ಹಾಜರಿಯನ್ನು ಅವಧಿಯ ಮೊದಲಲ್ಲೇ ಕೂಗಿಬಿಡುತ್ತಿದ್ದೇನೆ. ಕೊನೆಯ ಐದು ನಿಮಿಷ ಬಂದಾಗ ಪುಸ್ತಕವನ್ನು ಮುಚ್ಚಿ, ಹಿಂದಿನ ಬೆಂಚಿನ ಕಡೆಗೆ ನೋಡಿ, “ಯಾರಾದರೂ ಏನಾದರೂ ಕೇಳುವುದಿದೆಯೆ?” ಎನ್ನುತ್ತೇನೆ. ಕೇಳುವವರು ಇದ್ದೇ ಇರುತ್ತಾರೆ. ಉತ್ತರ ಗೊತ್ತಿಲ್ಲದ ದಿನ ಆ ಐದು ನಿಮಿಷ ಬಹಳ ಉದ್ದವಾಗಿರುತ್ತದೆ.