ವಿದ್ಯುತ್ ಕಾರು ಚಾರ್ಜ್ ಆಗದಿದ್ದಾಗ: ಕಾರಣಗಳು ಮತ್ತು ಪರಿಹಾರಗಳು

ನಮ್ಮ ದೇಶದಲ್ಲಿ ವಿದ್ಯುತ್ ಕಾರು ಸಂಪೂರ್ಣವಾಗಿ ಹೊಸ ವಸ್ತುವೇನಲ್ಲ. ಬೆಂಗಳೂರಿನಲ್ಲಿ ತಯಾರಾದ ರೇವಾ ಎಂಬ ಪುಟ್ಟ ಕಾರು 2001ರಲ್ಲಿಯೇ ರಸ್ತೆಗಿಳಿದಿತ್ತು. ಮನೆಯ 15 ಆಂಪಿಯರ್ ಸಾಕೆಟ್ಟಿನಿಂದಲೇ ಅದು ಚಾರ್ಜ್ ಆಗುತ್ತಿತ್ತು. 2019ರ ಜುಲೈ ತಿಂಗಳಿನಲ್ಲಿ ಮಾರುಕಟ್ಟೆಗೆ ಬಂದ ಹ್ಯುಂಡೈ ಕೋನಾ ವಿದ್ಯುತ್ ಕಾರನ್ನು ಚೆನ್ನೈ ಸಮೀಪದ ಶ್ರೀಪೆರಂಬುದೂರಿನ ಕಾರ್ಖಾನೆಯಲ್ಲಿ ಜೋಡಿಸಲಾಯಿತು. 2025ರ ಜನವರಿಯಲ್ಲಿ ಬಿಡುಗಡೆಯಾದ ಕ್ರೆಟಾ ಎಲೆಕ್ಟ್ರಿಕ್ ಕೂಡ ಅಲ್ಲಿಯೇ ತಯಾರಾಗುತ್ತದೆ. ಕೇಂದ್ರ ಸರ್ಕಾರವು 2024ರ ಅಕ್ಟೋಬರ್ 1ರಿಂದ ಜಾರಿಗೆ ತಂದ ಪಿ.ಎಂ. ಇ-ಡ್ರೈವ್ ಯೋಜನೆಯ 10,900 ಕೋಟಿ ರೂಪಾಯಿಗಳ ಪೈಕಿ 2,000 ಕೋಟಿ ರೂಪಾಯಿಗಳನ್ನು ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳಿಗಾಗಿಯೇ ಮೀಸಲಿರಿಸಲಾಗಿದೆ.

ಚೆನ್ನೈಯಲ್ಲಿ ನೆಲೆಸಿರುವ ಕನ್ನಡಿಗರೂ, ಬೆಂಗಳೂರಿನಿಂದ ಸುಮಾರು 350 ಕಿಲೋಮೀಟರ್ ದೂರದ ಆ ನಗರಕ್ಕೆ ಹೋಗಿಬರುವವರೂ ಈಗ ವಿದ್ಯುತ್ ಕಾರುಗಳನ್ನು ಬಳಸುತ್ತಿದ್ದಾರೆ. ರಾತ್ರಿ ಚಾರ್ಜಿಗೆ ಹಾಕಿದ ಕಾರು ಬೆಳಿಗ್ಗೆ ನೋಡಿದರೆ ಚಾರ್ಜ್ ಆಗಿರುವುದಿಲ್ಲ. ಚಾರ್ಜರಿನಲ್ಲಿ ಕೆಂಪು ದೀಪ ಉರಿಯುತ್ತಿರುತ್ತದೆ. ಇಲ್ಲವೇ ಚಾರ್ಜಿಂಗ್ ಮುಗಿದರೂ ಪ್ಲಗ್ ಕಾರಿನಿಂದ ಹೊರಬರುವುದಿಲ್ಲ. ಇಂತಹ ಸಂದರ್ಭದಲ್ಲಿ ಗಾಬರಿಯಾಗುವುದು ಸಹಜ. ಆದರೆ ಒಂದು ಮಾತನ್ನು ನೆನಪಿನಲ್ಲಿಡಬೇಕು. ಕಾರಾಗಲಿ ಚಾರ್ಜರಾಗಲಿ ವಿದ್ಯುತ್ತನ್ನು ನಿರಾಕರಿಸಿದರೆ, ಬಹುಪಾಲು ಅದು ನಮ್ಮ ರಕ್ಷಣೆಗಾಗಿಯೇ ಆಗಿರುತ್ತದೆ. ಆದ್ದರಿಂದ ನಿರಾಕರಣೆಯ ಕಾರಣವನ್ನು ಮೊದಲು ತಿಳಿಯಬೇಕೇ ಹೊರತು ಅದನ್ನು ಮೋಸಗೊಳಿಸಿ ಚಾರ್ಜ್ ಮಾಡಲು ಯತ್ನಿಸಬಾರದು.

ಚಾರ್ಜಿಂಗಿನ ಎರಡು ವಿಧಗಳು

ನಮ್ಮ ಮನೆಗಳಿಗೆ ಬರುವುದು 230 ವೋಲ್ಟಿನ ಎ.ಸಿ. ವಿದ್ಯುತ್ತು. ಬ್ಯಾಟರಿಯು ಸಂಗ್ರಹಿಸುವುದು ಡಿ.ಸಿ. ವಿದ್ಯುತ್ತನ್ನು. ಮನೆಯಲ್ಲಿ ಚಾರ್ಜ್ ಮಾಡುವಾಗ ಎ.ಸಿ.ಯನ್ನು ಡಿ.ಸಿ.ಯಾಗಿ ಪರಿವರ್ತಿಸುವ ಕೆಲಸವನ್ನು ಕಾರಿನ ಒಳಗಿರುವ ಉಪಕರಣವೇ ಮಾಡುತ್ತದೆ. ಕಾರಿನೊಂದಿಗೆ ಕೊಡುವ ಕೇಬಲನ್ನು 16 ಆಂಪಿಯರ್ ಸಾಕೆಟ್ಟಿಗೆ ಸೇರಿಸಿದರೆ ಸುಮಾರು 3.3 ಕಿಲೋವ್ಯಾಟ್ ಶಕ್ತಿ ದೊರೆಯುತ್ತದೆ. 30 ಕಿಲೋವ್ಯಾಟ್-ಗಂಟೆಯ ಬ್ಯಾಟರಿ ತುಂಬಲು ಇದರಿಂದ ಒಂಬತ್ತು ಹತ್ತು ಗಂಟೆಗಳು ಬೇಕು. ಗೋಡೆಗೆ ಅಳವಡಿಸುವ 7.2 ಕಿಲೋವ್ಯಾಟ್ ಚಾರ್ಜರಿನಿಂದ, ಕಾರು ಅಷ್ಟು ಶಕ್ತಿಯನ್ನು ಸ್ವೀಕರಿಸುವಂತಹದಾದರೆ, ಅರ್ಧದಷ್ಟು ಸಮಯ ಸಾಕು.

ಹೆದ್ದಾರಿಯ ಬದಿಯಲ್ಲಿರುವ ತ್ವರಿತ ಚಾರ್ಜಿಂಗ್ ಕೇಂದ್ರಗಳಲ್ಲಿ ಈ ಪರಿವರ್ತನೆ ಹೊರಗಿನ ಯಂತ್ರದಲ್ಲಿಯೇ ನಡೆದು, ಡಿ.ಸಿ. ವಿದ್ಯುತ್ತು ನೇರವಾಗಿ ಬ್ಯಾಟರಿಗೆ ಹೋಗುತ್ತದೆ. ಇಂದಿನ ಬಹುತೇಕ ಕಾರುಗಳಲ್ಲಿ ಇದಕ್ಕಾಗಿ ಸಿ.ಸಿ.ಎಸ್.-2 ಎಂಬ ಮಾದರಿಯ ಸಾಕೆಟ್ ಇರುತ್ತದೆ. 2017ರಲ್ಲಿ ರೂಪಿಸಲಾದ ಭಾರತ್ ಡಿ.ಸಿ.-001 ಮಾದರಿಯ ಹಳೆಯ ಚಾರ್ಜರುಗಳ ಪ್ಲಗ್ ಬೇರೆ ಆಕಾರದ್ದು, ಅದು ಸಿ.ಸಿ.ಎಸ್.-2 ಸಾಕೆಟ್ಟಿಗೆ ಹೊಂದುವುದಿಲ್ಲ. ಕೇಂದ್ರಕ್ಕೆ ಹೋಗುವ ಮೊದಲೇ ಅಲ್ಲಿನ ಪ್ಲಗ್ ಯಾವುದೆಂದು ಮೊಬೈಲ್ ಆ್ಯಪಿನಲ್ಲಿ ನೋಡಿಕೊಳ್ಳುವುದು ಲೇಸು.

ಕಾರು ಮತ್ತು ಚಾರ್ಜರ್ ನಡುವಿನ ಸಂಕೇತ

ಮಿಕ್ಸಿ, ಇಸ್ತ್ರಿಪೆಟ್ಟಿಗೆಗಳಿಗೆ ಸಾಕೆಟ್ಟಿನಲ್ಲಿ ಸ್ವಿಚ್ ಹಾಕಿದೊಡನೆ ವಿದ್ಯುತ್ತು ಹರಿಯುತ್ತದೆ. ವಿದ್ಯುತ್ ಕಾರಿನ ಪ್ಲಗ್ಗಿನಲ್ಲಿ ಹಾಗಲ್ಲ. ಶಕ್ತಿಯನ್ನು ಒಯ್ಯುವ ದಪ್ಪ ಕಡ್ಡಿಗಳ ಜೊತೆಗೆ ಎರಡು ಸಣ್ಣ ಕಡ್ಡಿಗಳೂ ಅದರಲ್ಲಿರುತ್ತವೆ. ಇವುಗಳಲ್ಲಿ ಒಂದು ಪ್ಲಗ್ ಸರಿಯಾಗಿ ಕುಳಿತಿದೆಯೇ ಎಂಬುದನ್ನೂ ಕೇಬಲ್ ಎಷ್ಟು ಆಂಪಿಯರ್ ತಾಳಬಲ್ಲದು ಎಂಬುದನ್ನೂ ಕಾರಿಗೆ ತಿಳಿಸುತ್ತದೆ. ಇನ್ನೊಂದರಲ್ಲಿ ಚಾರ್ಜರ್ 12 ವೋಲ್ಟಿನ ಸಂಕೇತವನ್ನು ಕಳುಹಿಸುತ್ತದೆ. ಕಾರಿಗೆ ಪ್ಲಗ್ ಸೇರಿದಾಗ ಅದು 9 ವೋಲ್ಟಿಗೆ ಇಳಿಯುತ್ತದೆ. ಕಾರು ಸಿದ್ಧವಾದಾಗ 6 ವೋಲ್ಟಿಗೆ ಇಳಿಯುತ್ತದೆ. ಆಗ ಮಾತ್ರ ಚಾರ್ಜರ್ ವಿದ್ಯುತ್ತನ್ನು ಬಿಡುತ್ತದೆ. ಎಷ್ಟು ಆಂಪಿಯರ್ ತೆಗೆದುಕೊಳ್ಳಬಹುದೆಂಬುದನ್ನು, ಸೆಕೆಂಡಿಗೆ ಸಾವಿರ ಬಾರಿ ಮಿಡಿಯುವ ಇದೇ ಸಂಕೇತವು ಕಾರಿಗೆ ತಿಳಿಸುತ್ತದೆ.

ಪ್ಲಗ್ಗಿನೊಳಗೆ ಧೂಳು, ನೀರಿನ ಹನಿ ಅಥವಾ ಕಿಲುಬು ಸೇರಿದರೆ ಅಥವಾ ಪ್ಲಗ್ ಪೂರ್ಣವಾಗಿ ಒಳಸೇರದಿದ್ದರೆ ಈ ಸಂಕೇತ ಕೆಡುತ್ತದೆ. ಆದ್ದರಿಂದ ದೋಷ ಕಂಡಾಗ ಮೊದಲು ಮಾಡಬೇಕಾದದ್ದು ಬಹಳ ಸರಳ. ಚಾರ್ಜಿಂಗ್ ನಿಲ್ಲಿಸಿ, ಪ್ಲಗ್ ಹೊರತೆಗೆದು, ಒಳಗೆ ಕಸವಿದೆಯೇ, ಕಡ್ಡಿ ಬಾಗಿದೆಯೇ ಎಂದು ಕಣ್ಣಿನಿಂದಲೇ ನೋಡಿ, ಒಂದೆರಡು ನಿಮಿಷ ಬಿಟ್ಟು ಮತ್ತೆ ನೇರವಾಗಿ ಒತ್ತಿ ಸೇರಿಸಬೇಕು. ಕಡ್ಡಿಗಳನ್ನು ಬೆರಳಿನಿಂದಾಗಲಿ ಲೋಹದ ವಸ್ತುವಿನಿಂದಾಗಲಿ ಮುಟ್ಟಕೂಡದು.

ಕೆಲವು ಸಲ ದೋಷವೇ ಇರುವುದಿಲ್ಲ. ಇಂತಿಷ್ಟು ಗಂಟೆಗೆ ಚಾರ್ಜಿಂಗ್ ಆರಂಭವಾಗಲಿ ಎಂದೋ, 80 ಪ್ರತಿಶತಕ್ಕೆ ನಿಲ್ಲಲಿ ಎಂದೋ ಕಾರಿನ ಪರದೆಯಲ್ಲಿ ಹಿಂದೆ ಆರಿಸಿದ್ದು ಮರೆತುಹೋಗಿರುತ್ತದೆ. ಇದನ್ನೂ ಒಮ್ಮೆ ಪರಿಶೀಲಿಸಬೇಕು.

ಭೂಸಂಪರ್ಕ ದೋಷ

ಮನೆಯಲ್ಲಿ ಚಾರ್ಜ್ ಮಾಡುವವರು ಆಗಾಗ ಎದುರಿಸುವ ದೋಷವೆಂದರೆ ಅರ್ಥಿಂಗ್ ಎಂದು ರೂಢಿಯಲ್ಲಿ ಕರೆಯಲಾಗುವ ಭೂಸಂಪರ್ಕದ ದೋಷ. ನೆಲದಲ್ಲಿ ಹೂಳಿದ ಲೋಹದ ಕೊಳವೆ ಅಥವಾ ತಗಡು ಕಾಲಕ್ರಮೇಣ ತುಕ್ಕು ಹಿಡಿಯುತ್ತದೆ. ಚೆನ್ನೈಯಂತಹ ಕಡಲತೀರದ ನಗರದಲ್ಲಿ ಉಪ್ಪಿನಂಶದ ಗಾಳಿ ಮತ್ತು ಮಣ್ಣಿನಿಂದ ಈ ಸವೆತ ಹೆಚ್ಚು. ಹಳೆಯ ಕಟ್ಟಡಗಳಲ್ಲಿ ಸಾಕೆಟ್ಟಿನ ಮೂರನೆಯ ರಂಧ್ರಕ್ಕೆ ತಂತಿಯನ್ನೇ ಜೋಡಿಸದಿರುವುದೂ ಉಂಟು. ಫ್ಯಾನು, ದೀಪಗಳು ಇದನ್ನು ಗಮನಿಸುವುದಿಲ್ಲ. ಕಾರಿನ ಚಾರ್ಜರ್ ಗಮನಿಸುತ್ತದೆ ಮತ್ತು ಚಾರ್ಜ್ ಮಾಡಲು ಒಪ್ಪುವುದಿಲ್ಲ.

ಇಂತಹ ಸಮಯದಲ್ಲಿ ಕೆಲವರು ಸಾಕೆಟ್ಟಿನಲ್ಲಿ ಭೂಸಂಪರ್ಕದ ತುದಿಯನ್ನು ನ್ಯೂಟ್ರಲ್ ತಂತಿಗೆ ಸೇರಿಸಿ ಚಾರ್ಜರನ್ನು ನಂಬಿಸುತ್ತಾರೆ. ಇದು ಪ್ರಾಣಾಪಾಯಕರವಾದ ಕೃತ್ಯ. ನ್ಯೂಟ್ರಲ್ ತಂತಿ ಎಲ್ಲಿಯಾದರೂ ತುಂಡಾದರೆ ಕಾರಿನ ಇಡೀ ಲೋಹದ ಮೈಗೆ 230 ವೋಲ್ಟ್ ಹರಿಯಬಹುದು. ಒದ್ದೆ ನೆಲದ ಮೇಲೆ ನಿಂತು ಬಾಗಿಲು ಮುಟ್ಟಿದವರ, ಅದರಲ್ಲೂ ಮಕ್ಕಳ ಗತಿಯೇನು ಎಂಬುದನ್ನು ಯೋಚಿಸಬೇಕು. ಪರವಾನಗಿ ಪಡೆದ ವಿದ್ಯುತ್ ಕೆಲಸಗಾರರಿಂದ ಭೂಸಂಪರ್ಕವನ್ನು ಅಳತೆ ಮಾಡಿಸಿ, ಅಗತ್ಯವಿದ್ದಲ್ಲಿ ಹೊಸದಾಗಿ ಹಾಕಿಸುವುದೊಂದೇ ಸರಿಯಾದ ಮಾರ್ಗ.

ಇದೇ ರೀತಿ, ಚಾರ್ಜಿಂಗ್ ಆರಂಭಿಸಿದೊಡನೆ ಸೋರಿಕೆ ತಡೆಯುವ ಆರ್.ಸಿ.ಸಿ.ಬಿ. ಸ್ವಿಚ್ ಕೆಳಗೆ ಬಿದ್ದರೆ ಅದನ್ನು ಮೇಲಿಂದ ಮೇಲೆ ಎತ್ತಿ ಹಾಕಬಾರದು. ವಿದ್ಯುತ್ ಕಾರುಗಳ ಚಾರ್ಜಿಂಗಿಗೆ ಬಳಸುವ ಈ ಸ್ವಿಚ್ 30 ಮಿಲಿ ಆಂಪಿಯರ್ ಮೀರದ ಸೋರಿಕೆಗೇ ಕಡಿದುಕೊಳ್ಳಬೇಕೆಂಬುದು ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮ. ಸ್ವಿಚ್ ಬಿದ್ದಿತೆಂದರೆ ಎಲ್ಲೋ ಸೋರಿಕೆಯಾಗುತ್ತಿದೆ ಎಂದೇ ತಿಳಿಯಬೇಕು.

ಬಿಸಿಯಾಗುವ ಸಾಕೆಟ್

ಚಾರ್ಜಿಂಗ್ ಅರ್ಧದಲ್ಲಿ ನಿಂತರೆ ಸಾಕೆಟ್ ಬಿಸಿಯಾಗಿರುವ ಸಂಭವವಿದೆ. ಇಸ್ತ್ರಿಪೆಟ್ಟಿಗೆ ಕೆಲವು ನಿಮಿಷ ಕೆಲಸ ಮಾಡುತ್ತದೆ. ಕಾರು ಇಡೀ ರಾತ್ರಿ 15 ಆಂಪಿಯರ್ ಎಳೆಯುತ್ತದೆ. ಸಡಿಲಗೊಂಡ ಒಂದು ಜೋಡಣೆಯಲ್ಲಿ ಕೇವಲ 0.1 ಓಮ್ ತಡೆಯಿದ್ದರೂ ಅಲ್ಲಿ 22.5 ವ್ಯಾಟ್ ಶಾಖ ಉತ್ಪತ್ತಿಯಾಗುತ್ತದೆ. ಇದು ರೇಡಿಯೋ ದುರಸ್ತಿಗಾರರು ಬೆಸುಗೆಗೆ ಬಳಸುವ 25 ವ್ಯಾಟಿನ ಸೋಲ್ಡರಿಂಗ್ ಐರನ್ನಿಗೆ ಹೆಚ್ಚುಕಡಿಮೆ ಸಮ. ಅಂತಹ ಕಾದ ಕಡ್ಡಿಯೊಂದನ್ನು ಪ್ಲಾಸ್ಟಿಕ್ ಸಾಕೆಟ್ಟಿನೊಳಗೆ ರಾತ್ರಿಯಿಡೀ ಇಟ್ಟಂತಾಯಿತು. ಸಾಕೆಟ್ ಕಂದು ಬಣ್ಣಕ್ಕೆ ತಿರುಗಿದ್ದರೆ, ಸುಟ್ಟ ವಾಸನೆ ಬಂದರೆ ಕೂಡಲೇ ಅದರ ಬಳಕೆಯನ್ನು ನಿಲ್ಲಿಸಬೇಕು. ಮೀಟರಿನಿಂದ ನೇರವಾಗಿ ಎಳೆದ ಪ್ರತ್ಯೇಕ ತಂತಿ, ಪ್ರತ್ಯೇಕ ಎಂ.ಸಿ.ಬಿ. ಮತ್ತು ಉತ್ತಮ ಗುಣಮಟ್ಟದ 16 ಆಂಪಿಯರ್ ಸಾಕೆಟ್ ಇರುವುದು ಕ್ಷೇಮಕರ. ಕಾರನ್ನು ಚಾರ್ಜ್ ಮಾಡಲು ಎಕ್ಸ್‌ಟೆನ್ಷನ್ ಬಾಕ್ಸನ್ನು ಬಳಸಲೇಬಾರದು. ನಿಯಮಗಳೂ ಇದನ್ನು ನಿಷೇಧಿಸಿವೆ.

ಬೇಸಿಗೆಯ ಸಂಜೆ ಮನೆಮನೆಗಳಲ್ಲಿ ಹವಾನಿಯಂತ್ರಕಗಳು ಓಡುವಾಗ ವೋಲ್ಟೇಜ್ ಕುಸಿಯುವುದರಿಂದಲೂ ಚಾರ್ಜಿಂಗ್ ನಿಲ್ಲಬಹುದು. ಆಗ ತಡರಾತ್ರಿಯಲ್ಲಿ ಚಾರ್ಜ್ ಮಾಡಿದರೆ ತೊಂದರೆ ತಪ್ಪುತ್ತದೆ.

ತ್ವರಿತ ಚಾರ್ಜಿಂಗ್ ಕೇಂದ್ರದಲ್ಲಿ

ಡಿ.ಸಿ. ಚಾರ್ಜರ್ ಕಾರಿನೊಂದಿಗೆ ಇನ್ನೂ ವಿವರವಾಗಿ ಮಾಹಿತಿ ವಿನಿಮಯ ಮಾಡಿಕೊಳ್ಳುತ್ತದೆ. ವಿದ್ಯುತ್ ಬಿಡುವ ಮೊದಲು ಕೇಬಲಿನ ನಿರೋಧಕ ಹೊದಿಕೆಯಲ್ಲಿ ಸೋರಿಕೆಯಿಲ್ಲವೆಂದು ಪರೀಕ್ಷಿಸುತ್ತದೆ. ಮಳೆಯ ತೇವ ಒಳಹೊಕ್ಕಿದ್ದರೆ ಇಲ್ಲಿಯೇ ದೋಷ ತೋರಿಸುತ್ತದೆ. ಕೇಂದ್ರದ ಇಂಟರ್‌ನೆಟ್ ಸಂಪರ್ಕ ಕಡಿದಿದ್ದರೆ ಹಣ ಸಂದಾಯವಾಗಿಯೂ ಚಾರ್ಜಿಂಗ್ ಆರಂಭವಾಗದಿರಬಹುದು. ಭಾರವಾದ ಕೇಬಲ್ ತೂಗಾಡಿ ಪ್ಲಗ್ ವಾಲಿದರೂ ಸಂಪರ್ಕ ತಪ್ಪುತ್ತದೆ. ಪ್ಲಗ್ಗಿಗೆ ಕೈ ಆಸರೆ ಕೊಟ್ಟು ಮತ್ತೊಮ್ಮೆ ಆರಂಭಿಸಿ ನೋಡಬೇಕು.

80 ಪ್ರತಿಶತದ ನಂತರ ವೇಗ ತಗ್ಗುವುದಾಗಲಿ, ಸುಡುಬಿಸಿಲಿನಲ್ಲಿ ದೂರ ಓಡಿಸಿದ ಕಾರು ನಿಧಾನವಾಗಿ ಚಾರ್ಜ್ ಆಗುವುದಾಗಲಿ ದೋಷವಲ್ಲ. ಬ್ಯಾಟರಿಯು ತನ್ನನ್ನು ತಾನು ಕಾಪಾಡಿಕೊಳ್ಳುವ ರೀತಿ ಅದು. ಚೆನ್ನೈ–ಬೆಂಗಳೂರು ಹೆದ್ದಾರಿಯಲ್ಲಿ ಪ್ರಯಾಣಿಸುವವರು ಒಂದೇ ಕೇಂದ್ರವನ್ನು ನೆಚ್ಚಿಕೊಳ್ಳದೆ, ಅದು ಕೆಟ್ಟಿದ್ದರೆ ಮುಂದಿನದನ್ನು ತಲುಪುವಷ್ಟು ಚಾರ್ಜನ್ನು ಉಳಿಸಿಕೊಂಡಿರಬೇಕು.

ಪ್ಲಗ್ ಹೊರಬರದಿದ್ದಾಗ

ಚಾರ್ಜಿಂಗ್ ನಡೆಯುವಾಗ ಪ್ಲಗ್ಗನ್ನು ಎಳೆದರೆ ತೀಕ್ಷ್ಣವಾದ ಕಿಡಿ ಹಾರುವ ಅಪಾಯವಿದೆ. ಇದನ್ನು ತಡೆಯಲೆಂದೇ ಕಾರಿನ ಸಾಕೆಟ್ಟಿನಲ್ಲಿ ಸಣ್ಣ ಮೋಟಾರಿನಿಂದ ಚಲಿಸುವ ಅಗುಳಿಯೊಂದಿದ್ದು, ಅದು ಪ್ಲಗ್ಗನ್ನು ಹಿಡಿದಿಡುತ್ತದೆ. ಪ್ಲಗ್ ಹೊರಬರದಿದ್ದರೆ ಈ ಕ್ರಮವನ್ನು ಅನುಸರಿಸಬಹುದು:

1. ಕಾರಿನ ಪರದೆ, ಆ್ಯಪ್ ಅಥವಾ ಚಾರ್ಜರಿನ ಮೂಲಕ ಚಾರ್ಜಿಂಗನ್ನು ನಿಲ್ಲಿಸಿ, ಒಂದು ನಿಮಿಷ ಕಾಯಬೇಕು.

2. ಕೀಲಿಯ ಗುಂಡಿಯಿಂದ ಕಾರಿನ ಬಾಗಿಲುಗಳನ್ನು ಒಮ್ಮೆ ಬೀಗ ಹಾಕಿ, ಮತ್ತೆ ತೆರೆಯಬೇಕು. ಅನೇಕ ಕಾರುಗಳಲ್ಲಿ ಬಾಗಿಲಿನ ಬೀಗ ತೆರೆದಾಗಲೇ ಅಗುಳಿಯೂ ಸರಿಯುತ್ತದೆ.

3. ಕೇಬಲಿನ ಭಾರದಿಂದ ಅಗುಳಿ ಬಿಗಿದುಕೊಂಡಿರಬಹುದು. ಪ್ಲಗ್ಗನ್ನು ಸ್ವಲ್ಪ ಎತ್ತಿ ಹಿಡಿದು, ಹೊರಗೆ ಎಳೆಯುವ ಬದಲು ಒಳಕ್ಕೆ ಮೆಲ್ಲನೆ ಒತ್ತಿ, ಆ ಸ್ಥಿತಿಯಲ್ಲಿ ಮತ್ತೊಮ್ಮೆ ಬೀಗ ತೆರೆಯಬೇಕು.

4. ಮನೆಯಲ್ಲಾದರೆ ಚಾರ್ಜರಿನ ಎಂ.ಸಿ.ಬಿ.ಯನ್ನು ಇಳಿಸಿ, ಕೆಲವು ನಿಮಿಷಗಳ ನಂತರ ಮೇಲಿನ ಕ್ರಮಗಳನ್ನು ಪುನರಾವರ್ತಿಸಬೇಕು.

5. ಕಾರಿನ 12 ವೋಲ್ಟಿನ ಸಣ್ಣ ಬ್ಯಾಟರಿ ಬರಿದಾಗಿದ್ದರೆ ಅಗುಳಿಯ ಮೋಟಾರ್ ಚಲಿಸದು. ಇದಕ್ಕೆ ಸೇವಾ ಕೇಂದ್ರದ ನೆರವು ಬೇಕಾಗುತ್ತದೆ.

6. ಕೆಲವು ಮಾದರಿಗಳಲ್ಲಿ ಕೈಯಿಂದ ಎಳೆದು ಅಗುಳಿ ಬಿಡಿಸುವ ಹುರಿಯನ್ನು ಡಿಕ್ಕಿಯೊಳಗೆ ಅಥವಾ ಬಾನೆಟ್ಟಿನ ಕೆಳಗೆ ಇರಿಸಿರುತ್ತಾರೆ. ಅದು ಎಲ್ಲಿದೆ ಎಂಬುದನ್ನು ಕಾರಿನ ಕೈಪಿಡಿಯಲ್ಲಿ ಮುಂಚಿತವಾಗಿಯೇ ನೋಡಿಟ್ಟುಕೊಳ್ಳಬೇಕು. ಚಾರ್ಜಿಂಗ್ ಸಂಪೂರ್ಣವಾಗಿ ನಿಂತಿದೆ ಎಂದು ಖಚಿತವಾಗದೆ ಇದನ್ನು ಎಳೆಯಬಾರದು.

ಪ್ಲಗ್ಗನ್ನು ಜಗ್ಗುವುದು, ಸ್ಕ್ರೂಡ್ರೈವರಿನಿಂದ ಮೀಟುವುದು, ಎಣ್ಣೆ ಹಾಕುವುದು ಸರ್ವಥಾ ಕೂಡದು. ಸಾರ್ವಜನಿಕ ಕೇಂದ್ರದಲ್ಲಿ ಯಂತ್ರದ ಮೇಲೆ ಬರೆದಿರುವ ಸಹಾಯವಾಣಿಗೆ ಕರೆ ಮಾಡಿದರೆ ನಿರ್ವಾಹಕರು ದೂರದಿಂದಲೇ ಚಾರ್ಜಿಂಗನ್ನು ನಿಲ್ಲಿಸಬಲ್ಲರು. ಯಂತ್ರದ ಕೆಂಪು ಗುಂಡಿ ಇರುವುದು ಹೊಗೆ, ಬೆಂಕಿಯಂತಹ ತುರ್ತು ಸಮಯಕ್ಕಾಗಿ.

ಮಳೆ ಮತ್ತು ನೆರೆ

ಸರಿಯಾಗಿ ಅಳವಡಿಸಿದ ಚಾರ್ಜರಿನಲ್ಲಿ ಸಾಮಾನ್ಯ ಮಳೆಯಿಂದ ತೊಂದರೆಯಿಲ್ಲ. ಆದರೆ ನಿಂತ ನೀರು ಬೇರೆಯೇ ವಿಷಯ. 2015ರ ಡಿಸೆಂಬರಿನಲ್ಲಿಯೂ, ಮಿಚಾಂಗ್ ಚಂಡಮಾರುತ ಬಂದ 2023ರ ಡಿಸೆಂಬರಿನಲ್ಲಿಯೂ ಚೆನ್ನೈಯ ಅನೇಕ ಬಡಾವಣೆಗಳು ಜಲಾವೃತವಾದವು. 2024ರ ಅಕ್ಟೋಬರಿನಲ್ಲಿ ಭಾರಿ ಮಳೆಯ ಮುನ್ಸೂಚನೆ ಬಂದೊಡನೆ ವೇಳಚೇರಿಯ ಜನರು ತಮ್ಮ ಕಾರುಗಳನ್ನು ಮೇಲ್ಸೇತುವೆಯ ಮೇಲೆ ಸಾಲಾಗಿ ನಿಲ್ಲಿಸಿದರು. ಚಾರ್ಜಿಂಗ್ ಸಾಕೆಟ್ ನೆಲದಿಂದ ಕನಿಷ್ಠ 800 ಮಿಲಿಮೀಟರ್ ಎತ್ತರದಲ್ಲಿರಬೇಕೆಂದು ನಿಯಮವಿದೆ. ತಗ್ಗು ಪ್ರದೇಶದ ಮನೆಗಳಲ್ಲಿ ಅದಕ್ಕಿಂತಲೂ ಎತ್ತರದಲ್ಲಿ ಹಾಕಿಸುವುದು ಉಚಿತ. ಮಳೆಯ ಮುನ್ಸೂಚನೆ ಇರುವಾಗ ಮೊದಲೇ ಚಾರ್ಜ್ ಮಾಡಿ, ಕೇಬಲ್ ತೆಗೆದು, ಕಾರನ್ನು ಎತ್ತರದ ಸ್ಥಳಕ್ಕೆ ಒಯ್ಯಬೇಕು. ನೀರಿನಲ್ಲಿ ಮುಳುಗಿದ ಕಾರನ್ನಾಗಲಿ ಚಾರ್ಜರನ್ನಾಗಲಿ ಒಣಗಿದಂತೆ ಕಂಡರೂ ತಜ್ಞರ ಪರೀಕ್ಷೆಯಾಗುವವರೆಗೆ ಬಳಸಬಾರದು.

ದೋಷ ಎಲ್ಲಿದೆ? ಯಾರನ್ನು ಸಂಪರ್ಕಿಸಬೇಕು?

ದೋಷ ಪತ್ತೆಗೆ ಸುಲಭವಾದ ಉಪಾಯವೊಂದಿದೆ. ಅದೇ ಕಾರನ್ನು ಬೇರೊಂದು ಚಾರ್ಜರಿಗೆ ಸೇರಿಸಿ ನೋಡಬೇಕು. ಅಲ್ಲಿ ಚಾರ್ಜ್ ಆದರೆ ದೋಷ ಮನೆಯ ತಂತಿಯಲ್ಲಿ ಅಥವಾ ಕೇಬಲಿನಲ್ಲಿರುವ ಸಂಭವ ಹೆಚ್ಚು. ಎಲ್ಲಿಯೂ ಚಾರ್ಜ್ ಆಗದಿದ್ದರೆ ಕಾರಿನಲ್ಲಿದೆ ಎಂದು ಭಾವಿಸಬಹುದು. ಪರದೆಯ ಮೇಲೆ ಕಾಣುವ ದೋಷಸಂಖ್ಯೆಯನ್ನು ಹಾಗೆಯೇ ಬರೆದಿಟ್ಟುಕೊಂಡರೆ ಭಾಷೆ ಬೇರೆಯಾದರೂ ತಂತ್ರಜ್ಞರಿಗೆ ವಿಷಯ ತಿಳಿಯುತ್ತದೆ. ಮನೆಯ ಒಳಗಿನ ತಂತಿಯ ದೋಷಕ್ಕೆ ಪರವಾನಗಿ ಪಡೆದ ವಿದ್ಯುತ್ ಕೆಲಸಗಾರರನ್ನೂ, ವಿದ್ಯುತ್ ಸರಬರಾಜಿನ ದೋಷಕ್ಕೆ 1912 ಸಹಾಯವಾಣಿಯನ್ನೂ, ಕಾರಿನ ದೋಷಕ್ಕೆ ತಯಾರಕರ ಸೇವಾ ಕೇಂದ್ರವನ್ನೂ ಸಂಪರ್ಕಿಸಬೇಕು. ಹೊಗೆ ಅಥವಾ ಬೆಂಕಿ ಕಂಡರೆ ದೂರ ಸರಿದು 112ಕ್ಕೆ ಕರೆ ಮಾಡಬೇಕು.

ವಿದ್ಯುತ್ ಕಾರು ಹೊಗೆಯಿಲ್ಲದ ವಾಹನ. ಅದರ ಪೂರ್ಣ ಪ್ರಯೋಜನ ದೊರೆಯಬೇಕಾದರೆ ಮನೆಯ ವಿದ್ಯುತ್ ವ್ಯವಸ್ಥೆಯೂ ಅಷ್ಟೇ ಸುಸ್ಥಿತಿಯಲ್ಲಿರಬೇಕು. ಚಾರ್ಜರಿನ ಕೆಂಪು ದೀಪ ನಮ್ಮ ಶತ್ರುವಲ್ಲ. ಅಪಾಯಕ್ಕೆ ಮುಂಚೆಯೇ ಎಚ್ಚರಿಸುವ ಕಾವಲುಗಾರ. ಆ ಎಚ್ಚರಿಕೆಯನ್ನು ಅರಿತು ನಡೆದರೆ ವಾಹನವೂ ಸುರಕ್ಷಿತ, ಮನೆಮಂದಿಯೂ ಸುರಕ್ಷಿತ.