ಬ್ಯಾಂಡ್‌ವಿಡ್ತ್: ಹೆಚ್ಚಿಸುವ ಮುನ್ನ ಹಂಚಿಕೆ

ತಿಂಗಳ 20ನೆಯ ತಾರೀಖು ಜಿಎಸ್‌ಟಿಆರ್-3ಬಿ ಸಲ್ಲಿಸಲು ಕುಳಿತಾಗಲೇ ಕಚೇರಿಯ ಅಂತರ್ಜಾಲ ಕುಂಟುವುದುಂಟು. ಹೆಚ್ಚಿನ ವೇಗದ ಸಂಪರ್ಕವನ್ನು ಕೊಳ್ಳುವುದೊಂದೇ ಇದಕ್ಕೆ ಪರಿಹಾರವಲ್ಲ.

ಕಡತಗಳ ಬ್ಯಾಕಪ್ ಆರಂಭವಾದೊಡನೆ ಹೊರಹೋಗುವ ದತ್ತಾಂಶವು ಮೋಡೆಮ್‌ನಲ್ಲಿ ಸಾಲುಗಟ್ಟುತ್ತದೆ. ಸೆಕೆಂಡಿಗೆ 10 ಮೆಗಾಬಿಟ್ ಕಳುಹಿಸಬಲ್ಲ ಸಂಪರ್ಕದಲ್ಲಿ 1 ಮೆಗಾಬೈಟ್ ಹೀಗೆ ನಿಂತರೆ, ಅದರ ಹಿಂದಿನ ಪ್ರತಿಯೊಂದು ಕೋರಿಕೆಯೂ ಸುಮಾರು 0.8 ಸೆಕೆಂಡು ಕಾಯಬೇಕು. ಅಂತರ್ಜಾಲ ದೂರವಾಣಿ ಕರೆಯೊಂದಕ್ಕೆ ಸುಮಾರು 0.1 ಮೆಗಾಬಿಟ್ ಸಾಕು. ಆದರೂ ಈ ವಿಳಂಬದಿಂದ ಮಾತು ತಡವರಿಸುತ್ತದೆ.

ಫೈರ್‌ವಾಲ್‌ನಲ್ಲಿರುವ ‘ಟ್ರಾಫಿಕ್ ಶೇಪಿಂಗ್’ ಸೌಲಭ್ಯವು ಈ ಸಾಲನ್ನು ನಮ್ಮ ಹಿಡಿತಕ್ಕೆ ತರುತ್ತದೆ. ಮೊದಲು ಸಂಪರ್ಕದ ನಿಜವಾದ ವೇಗವನ್ನು ಅಳೆದು, ಫೈರ್‌ವಾಲ್‌ನ ಮಿತಿಯನ್ನು ಅದಕ್ಕಿಂತ ಶೇ. 5ರಿಂದ 10ರಷ್ಟು ಕಡಿಮೆ ನಿಗದಿಪಡಿಸಬೇಕು. ಇಲ್ಲವಾದರೆ ಸಾಲು ಮೋಡೆಮ್‌ನಲ್ಲಿಯೇ ಬೆಳೆದು, ನಾವು ರೂಪಿಸಿದ ನಿಯಮಗಳು ನಿಷ್ಪ್ರಯೋಜಕವಾಗುತ್ತವೆ. ಬಳಿಕ ಕರೆಗಳಿಗೆ ಮೊದಲ ಆದ್ಯತೆಯನ್ನೂ, ಬ್ಯಾಂಕಿಂಗ್ ಹಾಗೂ ತೆರಿಗೆ ವ್ಯವಹಾರಗಳಿಗೆ ಖಚಿತ ಪಾಲನ್ನೂ, ಬ್ಯಾಕಪ್‌ಗೆ ಉಳಿದುದನ್ನೂ ನೀಡಬೇಕು. ‘ಪಿಎಫ್‌ಸೆನ್ಸ್’ನಂತಹ ಉಚಿತವಾಗಿ ದೊರೆಯುವ ತಂತ್ರಾಂಶದಲ್ಲಿಯೂ ಈ ಸೌಲಭ್ಯವಿದೆ.

ಶೇಪಿಂಗ್‌ನಿಂದ ಸಾಮರ್ಥ್ಯ ಹೆಚ್ಚುವುದಿಲ್ಲ, ಇರುವುದು ಸದ್ವಿನಿಯೋಗವಾಗುತ್ತದೆ. ಆದ್ಯತೆ ನೀಡಿದ ಮೇಲೂ ಅಗತ್ಯ ಕೆಲಸಗಳು ನಿಧಾನವಾದರೆ ಮಾತ್ರ ಹೆಚ್ಚಿನ ಸಂಪರ್ಕಕ್ಕೆ ಹಣ ತೊಡಗಿಸುವುದು ಲೇಸು.